ಎಕ್ಸೋಡಸ್: ಹೊರದಾರಿಯಲ್ಲಿ ಹುಟ್ಟಿದ ಮಹಾಪದ

ಅಥೆನ್ಸ್ ನಗರದ ಮೆಟ್ರೋ ನಿಲ್ದಾಣದಲ್ಲಿ ರೈಲಿನಿಂದಿಳಿದು ತಲೆಯೆತ್ತಿದರೆ ಫಲಕದ ಮೇಲೆ ದಪ್ಪಕ್ಷರದಲ್ಲಿ ‘ಎಕ್ಸೊಡೊಸ್’ ಎಂದಿರುತ್ತದೆ. ಅಲ್ಲಿನವರಿಗೆ ಅದರಲ್ಲಿ ಯಾವ ಗಾಂಭೀರ್ಯವೂ ಇಲ್ಲ; ಹೊರಹೋಗುವ ದಾರಿ ಇತ್ತ ಎಂದಷ್ಟೇ ಅರ್ಥ. ಚಿತ್ರಮಂದಿರದ ಬಾಗಿಲ ಮೇಲೂ ಹೆದ್ದಾರಿಯ ಕವಲಿನಲ್ಲೂ ಅದೇ ಪದ. ಆದರೆ ಅದೇ ಪದ ಇಂಗ್ಲಿಷಿನಲ್ಲಿ ‘ಎಕ್ಸೋಡಸ್’ ಆಗಿ ಪತ್ರಿಕೆಯ ಮುಖಪುಟಕ್ಕೆ ಬಂದಾಗ ಕಣ್ಣ ಮುಂದೆ ಕಟ್ಟುವ ಚಿತ್ರವೇ ಬೇರೆ: ಗಂಟುಮೂಟೆ ಹೊತ್ತ ಜನಸಾಗರ, ಬರಿದಾದ ಬೀದಿಗಳು. ಬಾಗಿಲ ಫಲಕವೊಂದು ಮಾನವೇತಿಹಾಸದ ಮಹಾನಿರ್ಗಮನಗಳ ಹೆಸರಾದ ಬಗೆ ನಿಜಕ್ಕೂ ವಿಸ್ಮಯಕರ.

ಗ್ರೀಕ್ ಭಾಷೆಯಲ್ಲಿ ‘ಎಕ್ಸ್’ ಎಂದರೆ ಹೊರಗೆ, ‘ಹೊಡೊಸ್’ ಎಂದರೆ ದಾರಿ. ಈ ಹೊಡೊಸ್ ಬಹುದೊಡ್ಡ ಸಂಸಾರಸ್ಥ. ಪೀರಿಯಡ್, ಎಪಿಸೋಡ್, ಮೆಥಡ್ ಎಲ್ಲವೂ ಅದರ ಮಕ್ಕಳೇ. ಮೈಕೆಲ್ ಫ್ಯಾರಡೆ 1834ರಲ್ಲಿ ಬಳಕೆಗೆ ತಂದ ಆನೋಡ್, ಕ್ಯಾಥೋಡ್‌ಗಳೂ ವಿದ್ಯುತ್ತು ಸಾಗುವ ದಾರಿಗಳೇ. ಮೆಥಡ್‌ಗೆ ನಾವು ಹೇಳುವ ‘ಪದ್ಧತಿ’ ಕೂಡ ಸಂಸ್ಕೃತದಲ್ಲಿ ಮೂಲತಃ ಕಾಲು ತುಳಿದು ಮೂಡಿದ ಹಾದಿ! ಪ್ರಾಚೀನ ಗ್ರೀಕ್ ರಂಗಭೂಮಿಯಲ್ಲಿ ದುರಂತನಾಟಕದ ಕೊನೆಯ ಭಾಗಕ್ಕೂ ಎಕ್ಸೊಡೊಸ್ ಎಂದೇ ಹೆಸರಿತ್ತು.

ಪದಕ್ಕೆ ಮಹಾಕಾವ್ಯದ ಘನತೆ ಬಂದದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಹೀಬ್ರೂ ಧರ್ಮಗ್ರಂಥಗಳನ್ನು ಗ್ರೀಕಿಗೆ ತರುವ ಕಾರ್ಯ ಅಲ್ಲಿ ಆರಂಭವಾಯಿತು. ಮೋಶೆಯ ನಾಯಕತ್ವದಲ್ಲಿ ಇಸ್ರಾಯೇಲ್ಯರು ಫರೋಹನ ದಾಸ್ಯದಿಂದ ಹೊರಟ ಕಥೆಯುಳ್ಳ ಎರಡನೆಯ ಗ್ರಂಥಕ್ಕೆ ಆ ಅನುವಾದದಲ್ಲಿ ಸಿಕ್ಕ ಹೆಸರು ‘ಎಕ್ಸೊಡೊಸ್’. ಹೀಬ್ರೂವಿನಲ್ಲಿ ಅದು ‘ಶೆಮೋತ್’, ಅಂದರೆ ಹೆಸರುಗಳು. ಯಾಕೋಬನೊಡನೆ ಈಜಿಪ್ಟಿಗೆ ಬಂದ ಮಕ್ಕಳ ಹೆಸರುಗಳಿಂದ ಗ್ರಂಥ ತೆರೆದುಕೊಳ್ಳುತ್ತದೆ. ಕನ್ನಡ ಬೈಬಲ್ಲಿನಲ್ಲಿ ಅದೇ ‘ವಿಮೋಚನಕಾಂಡ’. ಮೂಲ ಭಾಷೆ ಒಳಬಂದವರನ್ನು ನೆನೆಯಿತು, ಗ್ರೀಕ್ ಹೊರಟ ದಾರಿಯನ್ನು ಹೆಸರಿಸಿತು, ಕನ್ನಡವಾದರೋ ಹೊರಟ ಕಾರಣವನ್ನೇ ಹಿಡಿಯಿತು. ಬಹುಕಾಲದಿಂದ ಬಳಕೆಯಲ್ಲಿರುವ ಕನ್ನಡ ಅನುವಾದದಲ್ಲಿ ಮರುಭೂಮಿಯ ಅಲೆದಾಟವನ್ನು ಹೇಳುವ ನಾಲ್ಕನೆಯ ಗ್ರಂಥದ ಹೆಸರು ‘ಅರಣ್ಯಕಾಂಡ’. ರಾಮಾಯಣ ಕೇಳಿ ಬೆಳೆದ ಕಿವಿಗೆ ಇದಕ್ಕಿಂತ ಸಮರ್ಥವಾದ ಅನುವಾದ ಮತ್ತೇನಿದ್ದೀತು!

ವಿಮೋಚನಕಾಂಡದ 12ನೇ ಅಧ್ಯಾಯದಲ್ಲಿ ಒಂದು ಪುಟ್ಟ ವಿವರವಿದೆ. ಹೊರಡುವ ಅವಸರ ಎಷ್ಟಿತ್ತೆಂದರೆ ನಾದಿದ ಹಿಟ್ಟು ಹುಳಿಯುವಷ್ಟೂ ವ್ಯವಧಾನವಿರಲಿಲ್ಲ. ನಾದುವ ಪಾತ್ರೆಯನ್ನು ಬಟ್ಟೆಯಲ್ಲಿ ಸುತ್ತಿ ಹೆಗಲಿಗೇರಿಸಿಕೊಂಡು ಜನ ಹೊರಟೇಬಿಟ್ಟರು. ಆ ಅವಸರದ ನೆನಪಿಗಾಗಿ ಯಹೂದಿಗಳು ಇಂದಿಗೂ ಪಸ್ಕ ಹಬ್ಬದಲ್ಲಿ ಹುಳಿಯಿಲ್ಲದ ‘ಮಾತ್ಸಾ’ ರೊಟ್ಟಿಯನ್ನೇ ಮುರಿದು ತಿನ್ನುತ್ತಾರೆ.

ಇಂಗ್ಲಿಷಿನಲ್ಲಿ ಬಹುಕಾಲ ಗ್ರಂಥನಾಮವಾಗಿಯೇ ಉಳಿದಿದ್ದ ಪದ 17ನೇ ಶತಮಾನದಲ್ಲಿ ಯಾವುದೇ ಸಾಮೂಹಿಕ ನಿರ್ಗಮನಕ್ಕೂ ಸಲ್ಲತೊಡಗಿತು. ಗ್ರೀಕರಿಗೂ ತಮ್ಮದೇ ಒಂದು ಎಕ್ಸೊಡೊಸ್ ಇದೆ. ಸುಮಾರು ಒಂದು ವರ್ಷದ ಒಟ್ಟೋಮನ್ ಮುತ್ತಿಗೆಯಿಂದ ಹಸಿದು ಕಂಗಾಲಾದ ಮಿಸೊಲೊಂಗಿ ಪಟ್ಟಣದ ಜನ 1826ರ ಏಪ್ರಿಲ್‌ನ ಒಂದು ರಾತ್ರಿ ಕೋಟೆ ಭೇದಿಸಿ ಹೊರನುಗ್ಗಿದರು; ಬದುಕುಳಿದವರು ಕಡಿಮೆ. ಎರಡು ವರ್ಷ ಮೊದಲು ಕವಿ ಬೈರನ್ ಕೊನೆಯುಸಿರೆಳೆದದ್ದೂ ಅದೇ ಪಟ್ಟಣದಲ್ಲಿ. 1947ರ ಜುಲೈನಲ್ಲಿ ಹಿಟ್ಲರನ ನರಮೇಧದಿಂದ ಪಾರಾದವರೇ ಹೆಚ್ಚಾಗಿದ್ದ 4,500ಕ್ಕೂ ಮಿಕ್ಕ ಯಹೂದಿಗಳನ್ನು ಹೊತ್ತು ಫ್ರಾನ್ಸಿನ ಸೆತ್ ಬಂದರಿನಿಂದ ಪ್ಯಾಲೆಸ್ಟೈನಿನತ್ತ ಹೊರಟ ಹಡಗಿನ ಹೆಸರು ‘ಎಕ್ಸೋಡಸ್ 1947’. ಬ್ರಿಟಿಷ್ ನೌಕಾಪಡೆ ಅದನ್ನು ತಡೆಯಿತು. ಪ್ರಯಾಣಿಕರನ್ನು ಬೇರೆ ಹಡಗುಗಳಿಗೆ ಹತ್ತಿಸಿ ಕೊನೆಗೆ ಇಳಿಸಿದ್ದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ! ಹಡಗಿನ ಹೆಸರಿಗೆ ಇದಕ್ಕಿಂತ ಕ್ರೂರವಾದ ವ್ಯಂಗ್ಯವಿಲ್ಲ.

ಇಂದು ಈ ಪದ ಅಗ್ಗವಾಗಿದೆ ಎಂಬುದನ್ನೂ ಹೇಳಬೇಕು. ರಜೆಗೆ ಊರಿಗೆ ಹೊರಟ ಕಾರುಗಳ ಸಾಲೂ ಎಕ್ಸೋಡಸ್, ಶಾಸಕರು ಪಕ್ಷ ಬಿಟ್ಟರೂ ಎಕ್ಸೋಡಸ್. ಸಮೂಹದ ಅರ್ಥ ಪದದೊಳಗೇ ಇರುವಾಗ ‘ಮಾಸ್ ಎಕ್ಸೋಡಸ್’ ಎನ್ನುವುದು ನಮ್ಮ ‘ಗೇಟು ಬಾಗಿಲು’ ಇದ್ದಂತೆ. ಒಬ್ಬಿಬ್ಬರು ಹೋದರೆ ಎಕ್ಸೋಡಸ್ ಅಲ್ಲ. ಎಲ್ಲಿಗೆ ಹೋದರು ಎಂಬುದಕ್ಕಿಂತ ಎಲ್ಲಿಂದ ಹೋದರು ಎಂಬುದೇ ಅಲ್ಲಿ ಮುಖ್ಯ. ಬಿಟ್ಟುಹೋದ ಊರಿನ ಹೊಸ್ತಿಲಲ್ಲಿ ನಿಂತು ನೋಡುವ ಪದ ಅದು.

ಬೆಂಗಳೂರು ಅಂಥ ಹೊಸ್ತಿಲಾಗಿದ್ದು 2012ರ ಆಗಸ್ಟ್‌ನಲ್ಲಿ. ಮೊಬೈಲ್ ಸಂದೇಶಗಳಲ್ಲಿ ಹಬ್ಬಿದ ವದಂತಿಗೆ ಬೆದರಿದ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಸಿಟಿ ರೈಲು ನಿಲ್ದಾಣಕ್ಕೆ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲುಗಳು ಹೊರಟವು. ಒಮ್ಮೆಗೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸದಂತೆ ಸರ್ಕಾರ ಕಡಿವಾಣ ಹಾಕಿತು. ಇಂಗ್ಲಿಷ್ ಪತ್ರಿಕೆಗಳಿಗೆ ಶೀರ್ಷಿಕೆ ಸಲೀಸಾಗಿ ಸಿಕ್ಕಿತು. ಕನ್ನಡದಲ್ಲಿ ಬರೆಯುವವರು ಮಾತ್ರ ಒಂದು ಕ್ಷಣ ತಡೆದು ಆರಿಸಿಕೊಳ್ಳಬೇಕಾಗುತ್ತದೆ. ವಲಸೆ ಎಂದರೆ ಹೊಸ ನೆಲೆ ಅರಸಿದಂತೆ, ಪಲಾಯನ ಎಂದರೆ ಹೇಡಿತನದ ಛಾಯೆ, ನಿರ್ಗಮನ ಎಂದರೆ ಸಭೆಯಿಂದ ಎದ್ದುಹೋದಷ್ಟು ತಣ್ಣಗೆ. ಅಂದು ನಡೆದದ್ದಕ್ಕೆ ‘ಭಯದಿಂದ ಊರು ಬಿಟ್ಟರು’ ಎಂಬ ಸರಳ ಮಾತೇ ಸರಿ ಎಂಬುದು ನನ್ನ ಅಭಿಮತ.

ಇನ್ನು ‘ಗುಳೆ’. ರಾಯಚೂರು, ಯಾದಗಿರಿ, ಕಲಬುರಗಿ ಸೀಮೆಯ ಈ ಪದವನ್ನು ಎಕ್ಸೋಡಸ್ ಎಂದು ಅನುವಾದಿಸಿದರೆ ಅರ್ಧ ತಪ್ಪುತ್ತದೆ. ಮಳೆ ಕೈಕೊಟ್ಟಾಗ ಬೆಂಗಳೂರಿನ ಕಟ್ಟಡಗಳಿಗೆ, ಮುಂಬೈ, ಪುಣೆ, ಗೋವಾಗಳ ಕೂಲಿಗೆ, ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ ಹೊರಡುವವರು ಬಾಗಿಲಿಗೆ ಬೀಗ ಹಾಕುತ್ತಾರೆ, ಇಲ್ಲವೆ ಮುದುಕರನ್ನು ಕಾವಲಿಗೆ ಬಿಟ್ಟು ಹೋಗುತ್ತಾರೆ. ಏಕೆಂದರೆ ಮತ್ತೆ ಬರಬೇಕು, ಮುಂಗಾರಿಗೆ ಹೊಲ ಹದ ಮಾಡಬೇಕು. ಹೊರಡುವ ಮುನ್ನ ಒಲೆಯ ಮುಂದೆ ಕೂತು ಜೋಳದ ಹಿಟ್ಟು ತಟ್ಟಿ, ಬೇಯಿಸಿ, ಒಣಗಿಸಿದ ಕಟಕ ರೊಟ್ಟಿಯ ಅಡಕಲನ್ನು ಹಳೆಯ ಸೀರೆಯ ತುಂಡಿನಲ್ಲಿ ಬಿಗಿಯಾಗಿ ಕಟ್ಟುತ್ತಾರೆ. ಮಾತ್ಸಾದಂತೆ ಅದಕ್ಕೂ ಹುಳಿಯಿಲ್ಲ, ಬಹಳ ದಿನ ಕೆಡುವುದೂ ಇಲ್ಲ. ಬಸ್ಸಿನ ಸೀಟಿನ ಕೆಳಗೆ ಚೀಲಗಳನ್ನು ತುರುಕಿದ ಮೇಲೂ ಆ ಗಂಟು ಮಾತ್ರ ತಾಯಂದಿರ ಮಡಿಲಲ್ಲೇ ಇರುತ್ತದೆ, ಮುರಿಯಬಾರದೆಂದು.