ಸಸಿ ನೆಡುವ ಮುನ್ನ ಬೀಜದ ಊರು ಕೇಳೋಣ

ಜುಲೈ ಬಂತೆಂದರೆ ಚರ್ಚ್ ಆವರಣಗಳಲ್ಲಿ, ಶಾಲೆಗಳಲ್ಲಿ ವನಮಹೋತ್ಸವ ನಡೆಯುತ್ತದೆ. ಯಾವ ಜಾತಿಯ ಸಸಿ, ಎಷ್ಟು ಸಸಿ ಎಂದು ನಾವು ವಿಚಾರಿಸುತ್ತೇವೆ. ಆದರೆ ಅದರ ಬೀಜ ಯಾವ ಊರಿನ ಮರದ್ದು ಎಂದು ಕೇಳುವವರು ಕಡಿಮೆ. ಹವಾಮಾನ ಬದಲಾಗುತ್ತಿರುವ ಈ ದಿನಗಳಲ್ಲಿ ಸಸಿ ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ಈ ಪ್ರಶ್ನೆಯನ್ನು ಅವಲಂಬಿಸಿದೆ.

ಒಂದೇ ಜಾತಿ, ಬೇರೆ ಗುಣ

ಒಂದು ಮರ ಒಂದೇ ಪ್ರದೇಶದಲ್ಲಿ ತಲೆತಲಾಂತರದಿಂದ ಬೆಳೆದಾಗ, ಅಲ್ಲಿನ ಬಿಸಿಲು, ಬರ, ಮಣ್ಣುಗಳನ್ನು ತಾಳಿಕೊಂಡವು ಮಾತ್ರ ಉಳಿದು ಬೀಜ ಬಿಡುತ್ತವೆ. ಬೇರು ಎಷ್ಟು ಆಳಕ್ಕೆ ಇಳಿಯಬೇಕು, ಎಲೆ ಯಾವಾಗ ಚಿಗುರಬೇಕು ಎಂಬ ಗುಣಗಳು ಬೀಜದ ಮೂಲಕ ಮುಂದಿನ ಪೀಳಿಗೆಗೆ ಬರುತ್ತವೆ. ಬೇವಿನ ಮರದ ಬಗ್ಗೆ 1990ರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಹಲವು ದೇಶಗಳು ಬೀಜ ವಿನಿಮಯ ಮಾಡಿಕೊಂಡು ಪ್ರಯೋಗ ನಡೆಸಿದವು. ಭಾರತವೂ ಇದರಲ್ಲಿತ್ತು. ಬೀಜದ ಮೂಲಕ್ಕೆ ತಕ್ಕಂತೆ ಬೆಳವಣಿಗೆಯಲ್ಲಿ ವ್ಯತ್ಯಾಸ ಕಂಡುಬಂತು.

ಬಾಗಲಕೋಟೆಯ ಬಯಲು ಸೀಮೆ

ನಮ್ಮ ರಾಜ್ಯದಲ್ಲಿ ಈ ವಿಷಯವನ್ನು ಗಂಭೀರವಾಗಿ ಯೋಚಿಸಬೇಕಾದ ಪ್ರದೇಶಗಳಲ್ಲಿ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳು ಸೇರಿವೆ. ಮಂಗಳೂರಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆಯಾದರೆ ಆ ಜಿಲ್ಲೆಯಲ್ಲಿ 600 ಮಿಲಿಮೀಟರ್ ಆಗುವುದೂ ಕಷ್ಟ. ಕೃಷ್ಣಾ, ಘಟಪ್ರಭಾ ನದಿಗಳ ನೀರು ಸಿಗುವಲ್ಲಿ ಕಬ್ಬು ಬೆಳೆಯುತ್ತದೆ. ನೀರು ಸಿಗದ ಕಲ್ಲುಗುಡ್ಡಗಳಲ್ಲಿ ಕುರುಚಲು ಕಾಡೇ ಗತಿ.

ಅಲ್ಲಿ ಇಂದು ನೆಟ್ಟ ಬೇವು, ಹುಣಸೆ ನೂರು ವರ್ಷ ಬಾಳಬೇಕಾದವು. ಅವು ದೊಡ್ಡದಾಗುವ ಹೊತ್ತಿಗೆ ಬಿಸಿಲು ಇಂದಿಗಿಂತ ಹೆಚ್ಚಿರುತ್ತದೆ. ಆದ್ದರಿಂದ ಹೆಚ್ಚಿನ ಪಾಲು ಸ್ಥಳೀಯ ಬೀಜವನ್ನೇ ಇಟ್ಟುಕೊಂಡು, ಸ್ವಲ್ಪ ಪಾಲನ್ನು ಈಗಾಗಲೇ ಹೆಚ್ಚು ಬಿಸಿಲಿರುವ ರಾಯಚೂರು, ಕಲಬುರಗಿ ಕಡೆಯಿಂದ ತಂದು ಬೆರೆಸಿ ನೆಟ್ಟು ನೋಡಬಹುದು. ಒಂದು ಮೂಲ ಸೋತರೂ ಇನ್ನೊಂದು ಉಳಿಯಲಿ ಎಂಬುದು ಇದರ ಉದ್ದೇಶ. ಕೆನಡಾದ ವಿಜ್ಞಾನಿಗಳು 2009ರಲ್ಲಿ ಇಂಥದ್ದೇ ಪ್ರಯೋಗ ಆರಂಭಿಸಿ, ಬೇರೆ ಬೇರೆ ಮೂಲದ ಸಸಿಗಳನ್ನು ಕೆನಡಾ ಮತ್ತು ಅಮೆರಿಕದ 48 ಕಡೆ ನೆಟ್ಟರು. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯವು 2018ರಿಂದ ಹವಾಮಾನ ಆಧರಿಸಿ ಬೀಜ ಆರಿಸುವ ಪದ್ಧತಿಗೆ ಬದಲಾಗತೊಡಗಿತು.

ಎಚ್ಚರಿಕೆಯೂ ಅಗತ್ಯ

ಬೀಜ ಸಾಗಿಸುವುದೆಂದರೆ ಸಿಕ್ಕಿದ್ದನ್ನು ಸಿಕ್ಕಲ್ಲಿಗೆ ಒಯ್ಯುವುದಲ್ಲ. ಹೊಸ ಮೂಲದ ಬೀಜವನ್ನು ಮೊದಲು ಸಣ್ಣ ಪ್ರಮಾಣದಲ್ಲಿ ನೆಟ್ಟು ಕೆಲವು ವರ್ಷ ನೋಡಬೇಕು. ಸಸಿಯ ಜೊತೆ ರೋಗ, ಕೀಟಗಳೂ ಬರಬಹುದು. ಎಲ್ಲ ಕಡೆಯೂ ಮರ ನೆಡುವುದು ಸರಿಯಲ್ಲ. ಬೀಳಗಿ, ಮುಧೋಳ ತಾಲೂಕುಗಳಲ್ಲಿ 2016ರಲ್ಲಿ ಘೋಷಣೆಯಾದ ಯಡಹಳ್ಳಿ ಚಿಂಕಾರ ವನ್ಯಧಾಮವಿದೆ. ಚಿಂಕಾರಕ್ಕೆ ಬೇಕಾಗಿರುವುದು ತೆರೆದ ಹುಲ್ಲು, ಕುರುಚಲು. ಅಲ್ಲಿ ದಟ್ಟವಾಗಿ ಮರ ತುಂಬಿದರೆ ಉಪಕಾರದ ಹೆಸರಿನಲ್ಲಿ ಅಪಕಾರವಾದೀತು.

ನಾವು ಏನು ಮಾಡಬಹುದು?

ಬೀಜವನ್ನು ಒಂದೇ ಮರದಿಂದ ತೆಗೆಯದೆ, ಒಂದಕ್ಕೊಂದು ದೂರವಿರುವ 25-30 ಆರೋಗ್ಯವಂತ ಮರಗಳಿಂದ ಸಂಗ್ರಹಿಸಬೇಕು. ಚೀಲದ ಮೇಲೆ ಊರು, ತಾಲೂಕು, ದಿನಾಂಕ ಬರೆಯಬೇಕು. ಬೇವಿನ ಬೀಜ ಹೆಚ್ಚು ದಿನ ಮೊಳಕೆಯ ಶಕ್ತಿ ಉಳಿಸಿಕೊಳ್ಳುವುದಿಲ್ಲ. ಹಣ್ಣಿನ ತಿರುಳು ತೆಗೆದು, ನೆರಳಿನಲ್ಲಿ ಒಣಗಿಸಿ, ಎರಡು ಮೂರು ವಾರಗಳೊಳಗೆ ಬಿತ್ತುವುದು ಒಳ್ಳೆಯದು.

ಕರಾವಳಿಯಿಂದ ಉತ್ತರ ಕರ್ನಾಟಕಕ್ಕೆ ಸೇವೆಗೆ ಹೋಗುವವರು ಇಲ್ಲಿನ ಸಸಿಗಳನ್ನು ಪ್ರೀತಿಯಿಂದ ಒಯ್ಯುವ ಬದಲು ಅಲ್ಲಿನ ಹಿರಿಯ ಮರಗಳನ್ನೂ, ಅವುಗಳನ್ನು ಬಲ್ಲ ರೈತರನ್ನೂ ಮೊದಲು ವಿಚಾರಿಸಲಿ. ಇಲ್ಲಿರುವ ನಾವು ಈ ಬಾರಿ ನರ್ಸರಿಗೆ ಹೋದಾಗ ಒಂದು ಪ್ರಶ್ನೆ ಹೆಚ್ಚಿಗೆ ಕೇಳೋಣ: "ಈ ಬೀಜ ಎಲ್ಲಿಯದು?" ನೆಟ್ಟ ಸಸಿಗಳ ಲೆಕ್ಕಕ್ಕಿಂತ ಇಪ್ಪತ್ತು ವರ್ಷಗಳ ನಂತರ ಉಳಿದ ಮರಗಳ ಲೆಕ್ಕವೇ ಮುಖ್ಯ.