ಗೋವಾ ಕಡಲ ತೀರಕ್ಕೆ ಧರ್ಮಕೇಂದ್ರದ ಪ್ರವಾಸ: ಹೊರಡುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ನಮ್ಮ ಧರ್ಮಕೇಂದ್ರಗಳಲ್ಲಿ ವರ್ಷಕ್ಕೊಮ್ಮೆಯಾದರೂ ಪ್ರವಾಸದ ಮಾತು ಬರುತ್ತದೆ. ವಾಳೆಯವರು, ಯುವ ಸಂಚಾಲನದವರು, ಸ್ತ್ರೀ ಸಂಘಟನೆಯವರು, ಗಾಯನ ಮಂಡಳಿಯವರು ಸಭೆ ಸೇರಿದಾಗ ಹೆಚ್ಚಿನವರು ಹೇಳುವ ಹೆಸರು ಗೋವಾ. ಅಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಪವಿತ್ರ ಅವಶೇಷಗಳಿವೆ, ನಮ್ಮ ಹಿರಿಯರು ಬಿಟ್ಟು ಬಂದ ಊರುಗಳಿವೆ, ಕೊಂಕಣಿ ಮಾತನಾಡುವ ಜನರಿದ್ದಾರೆ, ಜೊತೆಗೆ ಮಕ್ಕಳು ಆಸೆಪಡುವ ಬೀಚ್ ಇದೆ. ಬಸ್ಸು, ಊಟ, ವಸತಿಯ ಬಗ್ಗೆ ಎರಡು ಮೂರು ಸಭೆಗಳು ನಡೆಯುತ್ತವೆ. ಕಡಲಿನ ಬಗ್ಗೆ ಮಾತ್ರ ಯಾರೂ ಮಾತನಾಡುವುದಿಲ್ಲ. "ನಾವೇ ಕರಾವಳಿಯವರು, ನಮಗೇನು ಹೊಸತು?" ಎಂಬ ಧೈರ್ಯ.

ಈ ಧೈರ್ಯವೇ ಅಪಾಯಕಾರಿ. ನಮ್ಮಲ್ಲಿ ಅನೇಕರು ಕಡಲನ್ನು ನೋಡುತ್ತಾ ಬೆಳೆದವರೇ ಹೊರತು ಕಡಲಿಗೆ ಇಳಿದು ಬೆಳೆದವರಲ್ಲ. ಬೆಳ್ತಂಗಡಿ, ಕಾರ್ಕಳ ಕಡೆಯ ಯುವಕರು ಹೊಳೆಯಲ್ಲಿ, ಕೆರೆಯಲ್ಲಿ ಚೆನ್ನಾಗಿ ಈಜುತ್ತಾರೆ. ಆದರೆ ಕೆರೆಯ ಈಜು ಕಡಲಿನಲ್ಲಿ ಸಾಲದು. ಪ್ರವಾಸಕ್ಕೆ ಹೊರಟವರೆಲ್ಲರೂ ಮನೆಗೆ ಮರಳಬೇಕು. ಯೋಜನೆಯ ಮೊದಲ ಗುರಿ ಇದೇ ಆಗಿರಲಿ.

ಯಾವಾಗ ಹೋಗಬೇಕು?

ನಾವು ಸಾಮಾನ್ಯವಾಗಿ ರಜೆ ನೋಡಿ ದಿನ ಗೊತ್ತುಮಾಡುತ್ತೇವೆ. ಬೀಚ್ ಪ್ರವಾಸಕ್ಕೆ ಕಡಲನ್ನು ನೋಡಿ ದಿನ ಗೊತ್ತುಮಾಡಬೇಕು. ಗೋವಾದಲ್ಲಿ ಮುಂಗಾರು ಜೂನ್ ಮೊದಲ ವಾರದ ಹೊತ್ತಿಗೆ ಆರಂಭವಾಗುತ್ತದೆ. ಮೇ ಕೊನೆಯಲ್ಲಿ ಮಳೆ ಬಾರದಿದ್ದರೂ ದೂರದ ಗಾಳಿಯಿಂದ ಅಲೆಗಳು ಏಳತೊಡಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನೀರಿಗೆ ಇಳಿಯುವ ಮಾತೇ ಬೇಡ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಮೀನಿನ ಸಂತಾನಾಭಿವೃದ್ಧಿ ಇದರ ಮುಖ್ಯ ಉದ್ದೇಶವಾದರೂ ಆ ತಿಂಗಳುಗಳ ಕಡಲು ಎಂಥದ್ದೆಂದು ನಮ್ಮ ಮೀನುಗಾರ ಬಾಂಧವರೇ ಹೇಳಿಯಾರು.

ದಸರಾ ರಜೆಯಲ್ಲಿ ಹೋಗುವುದಾದರೆ ಮಳೆ ಪೂರ್ತಿ ಬಿಟ್ಟಿರುವುದಿಲ್ಲ ಎಂಬುದು ನೆನಪಿರಲಿ. ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿ ಅಕ್ಟೋಬರ್‌ವರೆಗೂ ಇರುವುದರಿಂದ ರೈಲಿನ ಸಮಯವನ್ನು ಮತ್ತೊಮ್ಮೆ ವಿಚಾರಿಸಬೇಕು. ಕ್ರಿಸ್ಮಸ್ ಮತ್ತು ಹೊಸ ವರ್ಷದ ದಿನಗಳಲ್ಲಿ ಕಡಲು ಶಾಂತ, ಆದರೆ ಜನಸಂದಣಿ ಮತ್ತು ವಸತಿ ದರ ಎರಡೂ ಏರಿರುತ್ತವೆ. ನಮ್ಮ ಅಭಿಪ್ರಾಯದಲ್ಲಿ ಜನವರಿ ಮಧ್ಯದಿಂದ ಫೆಬ್ರವರಿ ತನಕದ ಸಮಯ ಉತ್ತಮ. ಜನವರಿ 16 ಸಂತ ಜೋಸೆಫ್ ವಾಜರ ಹಬ್ಬವೂ ಹೌದು.

ಎಲ್ಲಿ ಉಳಿಯಬೇಕು?

ಕಲಂಗುಟ್, ಬಾಗಾ ಬೀಚ್‌ಗಳು ಹೆಸರುವಾಸಿ, ಗದ್ದಲವೂ ಹೆಚ್ಚು. ಹಿರಿಯರು, ಮಕ್ಕಳು ಇರುವ ತಂಡಕ್ಕೆ ದಕ್ಷಿಣ ಗೋವಾದ ಕೊಲ್ವಾ, ಬಾಣಾವ್ಲಿ ಅನುಕೂಲ. ಮಂಗಳೂರಿನಿಂದ ಮಡಗಾಂವ್‌ಗೆ ರೈಲಿನಲ್ಲಿ ಸುಮಾರು 320 ಕಿ.ಮೀ. ಅಲ್ಲಿಂದ ಈ ಎರಡೂ ಊರುಗಳು ಕೆಲವೇ ಕಿ.ಮೀ. ದೂರದಲ್ಲಿವೆ. 2024ರ ನವೆಂಬರ್‌ನಿಂದ ರೈಲು ಟಿಕೆಟ್ 60 ದಿನ ಮುಂಚಿತವಾಗಿ ಮಾತ್ರ ಕಾದಿರಿಸಬಹುದು. ಆದ್ದರಿಂದ ದಿನಾಂಕವನ್ನು ಅದಕ್ಕೂ ಮೊದಲೇ ನಿಶ್ಚಯಿಸಿಕೊಳ್ಳಿ.

ಬಾಣಾವ್ಲಿಗೆ ಇನ್ನೊಂದು ಮಹತ್ವವಿದೆ. ಸಂತ ಜೋಸೆಫ್ ವಾಜರು 1651ರಲ್ಲಿ ಹುಟ್ಟಿದ್ದು ಇಲ್ಲಿ, ಸ್ನಾನದೀಕ್ಷೆ ಪಡೆದದ್ದು ಇಲ್ಲಿನ ಸ್ನಾನಿಕ ಸಂತ ಯೊವಾನ್ನರ ಚರ್ಚಿನಲ್ಲಿ. 1681ರಿಂದ ಕೆಲವು ವರ್ಷ ನಮ್ಮ ಕೆನರಾದಲ್ಲಿ ಸೇವೆ ಮಾಡಿ, ಅನಂತರ ಶ್ರೀಲಂಕಾಕ್ಕೆ ತೆರಳಿದ ಅವರನ್ನು 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಸಂತರೆಂದು ಘೋಷಿಸಿದರು. ಮುಡಿಪುವಿಗೆ ಪಾದಯಾತ್ರೆ ಮಾಡುವ ನಮ್ಮವರು ಬೀಚ್‌ಗೆ ಹೋಗುವ ದಾರಿಯಲ್ಲೇ ಅವರ ಹುಟ್ಟೂರಿನ ಚರ್ಚಿಗೂ ಭೇಟಿ ಕೊಡಬಹುದು.

ಓಲ್ಡ್ ಗೋವಾಕ್ಕೆ ಒಂದು ಪೂರ್ತಿ ಬೆಳಗ್ಗೆಯನ್ನು ಮೀಸಲಿಡಿ. 1605ರಲ್ಲಿ ಪ್ರತಿಷ್ಠಾಪನೆಗೊಂಡ ಬೊಂ ಜೆಸು ಬಸಿಲಿಕ ಮತ್ತು ಎದುರಿನ ಸೆ ಕೆಥೆಡ್ರಲ್ ನೋಡಲು ಅವಸರ ಮಾಡಬಾರದು. ಪವಿತ್ರ ಅವಶೇಷಗಳ ಸಾರ್ವಜನಿಕ ಪ್ರದರ್ಶನ ಹತ್ತು ವರ್ಷಕ್ಕೊಮ್ಮೆ ನಡೆಯುತ್ತದೆ. ಕಳೆದದ್ದು 2024ರ ನವೆಂಬರ್ 21ರಿಂದ 2025ರ ಜನವರಿ 5ರ ತನಕ ನಡೆಯಿತು. ಉಳಿದ ಸಮಯದಲ್ಲಿ ಬೆಳ್ಳಿಯ ಪೆಟ್ಟಿಗೆಯನ್ನು ಎತ್ತರದಲ್ಲಿ ಕಾಣಬಹುದು. ಇದನ್ನು ಮೊದಲೇ ತಿಳಿಸಿದರೆ ಹಿರಿಯರಿಗೆ ನಿರಾಶೆಯಾಗದು. ಬೀಚ್ ಉಡುಪಿನಲ್ಲಿ ಚರ್ಚ್ ಪ್ರವೇಶ ಬೇಡ. ಅಲ್ಲಿನ ಕೊಂಕಣಿ ಬಲಿಪೂಜೆ ಕಿವಿಗೆ ಅರ್ಥವಾದರೂ ಪುಸ್ತಕಗಳು ರೋಮನ್ ಲಿಪಿಯಲ್ಲಿರುತ್ತವೆ.

ನೀರಿನ ಸೆಳೆತ ತಿಳಿದಿರಲಿ

ಕಡಲಿನಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ದೊಡ್ಡ ಅಲೆಯಲ್ಲ, ಸೆಳೆತ. ಅಲೆಗಳು ದಡಕ್ಕೆ ತಂದ ನೀರು ಹಿಂದಿರುಗಲು ದಾರಿ ಹುಡುಕುತ್ತದೆ. ಮರಳ ದಿಬ್ಬಗಳ ನಡುವೆ ತಗ್ಗು ಸಿಕ್ಕಿದಲ್ಲಿ ಹೊಳೆಯಂತೆ ರಭಸದಿಂದ ಕಡಲಿಗೆ ಹರಿಯುತ್ತದೆ. ಅಂಥ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆಯಾದ್ದರಿಂದ ನೋಡುವವರಿಗೆ ಅದೇ ಶಾಂತವಾಗಿ ಕಾಣುತ್ತದೆ. ಮಕ್ಕಳನ್ನು ಆಡಿಸಲು ನಾವು ಆರಿಸಿಕೊಳ್ಳುವುದೂ ಅದನ್ನೇ!

ಸೆಳೆತಕ್ಕೆ ಸಿಕ್ಕಿದವರು ದಡದ ಕಡೆಗೆ ನೇರವಾಗಿ ಈಜಲು ಯತ್ನಿಸಿ ದಣಿಯುತ್ತಾರೆ, ಮುಳುಗುತ್ತಾರೆ. ಸೆಳೆತ ಮನುಷ್ಯನನ್ನು ದೂರಕ್ಕೆ ಒಯ್ಯುತ್ತದೆ, ಕೆಳಕ್ಕೆ ಎಳೆಯುವುದಿಲ್ಲ. ಗಾಬರಿಯಾಗದೆ ತೇಲುತ್ತಾ ಕೈ ಎತ್ತಿ ಕರೆಯಬೇಕು. ಈಜಬಲ್ಲವರು ದಡಕ್ಕೆ ಸಮಾನಾಂತರವಾಗಿ ಸ್ವಲ್ಪ ದೂರ ಈಜಿ, ಸೆಳೆತ ತಪ್ಪಿದ ಮೇಲೆ ದಡಕ್ಕೆ ತಿರುಗಬೇಕು. ದಡದಲ್ಲಿದ್ದವರು ರಕ್ಷಿಸಲೆಂದು ಬರಿಗೈಯಲ್ಲಿ ಧುಮುಕಬಾರದು. ಒಬ್ಬನ ಹಿಂದೆ ಇನ್ನೊಬ್ಬ ಹೋಗಿ ಇಬ್ಬರೂ ಮರಳದ ಉದಾಹರಣೆಗಳಿವೆ. ತೇಲುವ ಯಾವುದನ್ನಾದರೂ, ಟ್ಯೂಬ್ ಅಥವಾ ಮುಚ್ಚಿದ ಖಾಲಿ ಕ್ಯಾನ್, ಎಸೆಯಿರಿ, ಜೀವರಕ್ಷಕರನ್ನು ಕೂಗಿ, 112ಕ್ಕೆ ಕರೆ ಮಾಡಿ. ಗೋವಾದ ಪ್ರಮುಖ ಬೀಚ್‌ಗಳಲ್ಲಿ 2008ರಿಂದ ತರಬೇತಾದ ಜೀವರಕ್ಷಕರಿದ್ದಾರೆ. ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಬೇಕು. ಬರೀ ಕೆಂಪು ಬಾವುಟವಿದ್ದಲ್ಲಿ ಇಳಿಯಲೇಬಾರದು. ಕತ್ತಲಾದ ಮೇಲೆ ನೀರು ಬೇಡ.

ತಂಡದ ಹೊಣೆಗಾರಿಕೆ

ನಮ್ಮಲ್ಲಿ ವಾಳೆಯ ವ್ಯವಸ್ಥೆ ಇದೆ, ಗುರ್ಕಾರರಿದ್ದಾರೆ. ಅದನ್ನೇ ಪ್ರವಾಸಕ್ಕೂ ಬಳಸಿಕೊಳ್ಳೋಣ. ಎಂಟು ಹತ್ತು ಮಂದಿಗೆ ಒಬ್ಬರು ಹೊಣೆಗಾರರು. ನೀರಿಗೆ ಇಳಿಯುವ ಮೊದಲು ಮತ್ತು ಮೇಲೆ ಬಂದ ಕೂಡಲೇ ಅವರೇ ತಲೆ ಎಣಿಸಬೇಕು. ಪ್ರತಿ ಗುಂಪಿನ ಒಬ್ಬ ಹಿರಿಯರು ದಡದಲ್ಲೇ ನಿಂತು, ಮೊಬೈಲ್ ಕಿಸೆಯಲ್ಲಿಟ್ಟು, ನೀರನ್ನೇ ನೋಡುತ್ತಿರಬೇಕು. ದೋತೊರ್ನ್ ಮಕ್ಕಳಿದ್ದರೆ ಹೆತ್ತವರ ಲಿಖಿತ ಒಪ್ಪಿಗೆ ಪಡೆಯಿರಿ. ರಾತ್ರಿಯಿಡೀ ಬಸ್ಸಿನಲ್ಲಿ ನಿದ್ದೆಗೆಟ್ಟು ಬೆಳಗ್ಗೆ ನೇರವಾಗಿ ಕಡಲಿಗೆ ಇಳಿಯುವ ಅಭ್ಯಾಸ ನಿಲ್ಲಬೇಕು.

ಮದ್ಯ ಕುಡಿದವರು ನೀರಿಗೆ ಇಳಿಯಬಾರದೆಂದು ಧರ್ಮಗುರುಗಳು ಬಸ್ಸು ಹೊರಡುವ ಮೊದಲೇ ಹೇಳುವುದು ಒಳ್ಳೆಯದು. ಬೀಚ್‌ನಲ್ಲಿ ಕುಡಿಯುವುದು, ಬಯಲಿನಲ್ಲಿ ಅಡುಗೆ ಮಾಡುವುದು ಗೋವಾದ ಕಾನೂನಿನ ಪ್ರಕಾರ ದಂಡಕ್ಕೆ ದಾರಿ. ಒಲೆ, ಪಾತ್ರೆ ಕಟ್ಟಿಕೊಂಡು ಹೋಗುವ ನಮ್ಮ ತಂಡಗಳು ಇದನ್ನು ಗಮನಿಸಬೇಕು. ಕಸವನ್ನು ಚೀಲದಲ್ಲಿ ವಾಪಸು ತನ್ನಿ. ಆ ಮರಳಿನ ಮೇಲೆ ಬಲೆ ಎಳೆಯುವವರು ನಮ್ಮ ಹಾಗೆಯೇ ಭಾನುವಾರ ಚರ್ಚಿಗೆ ಹೋಗುವ ಕುಟುಂಬಗಳವರು. ಅದು ಅವರ ಅಂಗಳ.

ಮುಂದಿನ ಸಭೆಯಲ್ಲಿ ಬಸ್ಸಿನ ಬಾಡಿಗೆ ಚರ್ಚಿಸುವ ಮೊದಲು ದಡದಲ್ಲಿ ಕಾವಲು ನಿಲ್ಲುವವರು ಯಾರೆಂದು ಹೆಸರು ಬರೆದುಕೊಳ್ಳೋಣ. ಹಿಂದಿರುಗುವಾಗಲೂ ಬಸ್ಸಿನ ಒಂದು ಸೀಟೂ ಖಾಲಿ ಇರದಿರಲಿ. ಸಂತ ಜೋಸೆಫ್ ವಾಜರು ನಮ್ಮೆಲ್ಲರ ಪ್ರಯಾಣಕ್ಕಾಗಿ ಪ್ರಾರ್ಥಿಸಲಿ.