ಮಗನ ಸಂಬಳ, ಅಪ್ಪನ ಹೊಟ್ಟೆ

2010ರ ಹೊತ್ತಿಗೆ ದಕ್ಷಿಣ ಕೊರಿಯಾದಲ್ಲಿ 65 ದಾಟಿದ ಪ್ರತಿ ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು 80 ಮಂದಿ ಆತ್ಮಹತ್ಯೆ ಮಾಡಿಕೊಳ್ಳುತ್ತಿದ್ದರು. ಸ್ಯಾಮ್‌ಸಂಗ್, ಹ್ಯುಂಡೈಗಳ ನಾಡಿನಲ್ಲಿ ಹೀಗೇಕೆ ಎಂದರೆ ಸಿದ್ಧ ಉತ್ತರವೊಂದಿದೆ: ಕೂಡು ಕುಟುಂಬ ಒಡೆಯಿತು, ಮಕ್ಕಳು ಸೋಲ್ ಸೇರಿದರು, ಹಿರಿಯರು ಒಂಟಿಯಾದರು. ನಮ್ಮ ಸಭೆ ಸಮಾರಂಭಗಳಲ್ಲೂ ಕೇಳಿಬರುವ ರಾಗವೇ ಇದು. ಆದರೆ ಅಲ್ಲಿನ ಸರ್ಕಾರ ಕುಟುಂಬವನ್ನು ಕಡೆಗಣಿಸಿರಲಿಲ್ಲ, ಅತಿಯಾಗಿ ನೆಚ್ಚಿಕೊಂಡಿತ್ತು. ರಾಷ್ಟ್ರೀಯ ಪಿಂಚಣಿ ಶುರುವಾದದ್ದು 1988ರಲ್ಲಿ. ನಗರದ ಸ್ವಯಂ ಉದ್ಯೋಗಿಗಳವರೆಗೂ ಅದು ತಲುಪುವಾಗ 1999. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಹೊಲ, ಕಾರ್ಖಾನೆಗಳಲ್ಲಿ ಬೆವರು ಸುರಿಸಿದವರ ಪಾಲಿಗೆ ಅದು ತೀರಾ ತಡ. ಅವರ ಉಳಿತಾಯವೆಲ್ಲ ಮಕ್ಕಳ ಓದಿಗೆ ಸಂದಿತ್ತು. ಬಡವರಿಗೆ ಭತ್ಯೆ ನೀಡಲೆಂದು 2000ದಲ್ಲಿ ಜಾರಿಗೆ ಬಂದ ಜೀವನಾಧಾರ ಕಾನೂನಿನಲ್ಲಿ ಒಂದು ಷರತ್ತಿತ್ತು: ಮಗನಿಗೋ ಮಗಳಿಗೋ ನಿಗದಿಗಿಂತ ಹೆಚ್ಚು ಆದಾಯವಿದ್ದರೆ ಹೆತ್ತವರಿಗೆ ಭತ್ಯೆ ಇಲ್ಲ. ಮಗ ಹಣ ಕಳಿಸದಿದ್ದರೂ ಕಡತದಲ್ಲಿ ಆತ ಅಪ್ಪನನ್ನು ಸಾಕುತ್ತಿರುವವನೇ. ಭತ್ಯೆ ಬೇಕೆಂದರೆ ಸಂಬಂಧ ಕಡಿದುಹೋಗಿದೆ, ಮಗ ನೋಡಿಕೊಳ್ಳುತ್ತಿಲ್ಲ ಎಂದು ಕಚೇರಿಯಲ್ಲಿ ಸಾಬೀತು ಮಾಡಬೇಕು. ಮನೆಯ ಮಾನವನ್ನು ಗುಮಾಸ್ತರ ಮೇಜಿನ ಮೇಲೆ ಹರಡಲು ಯಾವ ತಾಯಿಗೆ ಮನಸ್ಸು ಬಂದೀತು?

ಬಡತನವೇ ಕಾರಣವಾದರೆ ಕೊರಿಯಾಕ್ಕಿಂತ ಬಡ ದೇಶಗಳಲ್ಲಿ ಸಾವು ಇನ್ನೂ ಹೆಚ್ಚಿರಬೇಕಿತ್ತಲ್ಲ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಹಣವೊಂದೇ ಯಾರನ್ನೂ ಕೊಲ್ಲುವುದಿಲ್ಲ; ಕಾಯಿಲೆ, ಚಿಕಿತ್ಸೆ ಕಾಣದ ಖಿನ್ನತೆ, ಒಂಟಿತನ ಎಲ್ಲವೂ ಸೇರುತ್ತವೆ. ಆದರೆ ಸಿರಿವಂತ ದೇಶದಲ್ಲಿ ಹಿರಿಯರ ಪೈಕಿ ಶೇ 40ರಷ್ಟು ಮಂದಿ ಬಡವರಾಗಿದ್ದು, ಅವರ ಹೊಣೆ ಮಕ್ಕಳದ್ದೆಂದು ಕಾನೂನೇ ಹೇಳಿದಾಗ, 'ನಾನು ಮಕ್ಕಳಿಗೆ ಭಾರ' ಎಂಬ ಕೊರಗಿಗೆ ಸರ್ಕಾರದ ಮೊಹರು ಬಿದ್ದಂತೆಯೇ. ಸಾಯಲು ಹೊರಟವರನ್ನು ತಡೆಯಲಾಗದು ಎಂಬ ಇನ್ನೊಂದು ಆಕ್ಷೇಪವನ್ನು ಕೊರಿಯಾದ ಹಳ್ಳಿಗಳೇ ಅಲ್ಲಗಳೆದಿವೆ. ಅತಿ ವಿಷಕಾರಿಯಾದ ಕಳೆನಾಶಕವೊಂದನ್ನು 2012ರ ವೇಳೆಗೆ ನಿಷೇಧಿಸಿದ್ದೇ ತಡ, ಕೀಟನಾಶಕ, ಕಳೆನಾಶಕ ಸೇವಿಸಿ ಸಾಯುವವರ ಪ್ರಮಾಣ ಎರಡೇ ವರ್ಷಗಳಲ್ಲಿ ಅರ್ಧದಷ್ಟು ಇಳಿಯಿತು. ಒಟ್ಟು ಆತ್ಮಹತ್ಯೆಗಳೂ ತಗ್ಗಿದವು, ಫಸಲಿಗೇನೂ ಪೆಟ್ಟು ಬೀಳಲಿಲ್ಲ. ದುಡುಕಿನ ಗಳಿಗೆ ದಾಟಿದರೆ ಬದುಕುವವರು ಬಹಳ ಮಂದಿ.

2014ರಲ್ಲಿ ಶೇ 70ರಷ್ಟು ಹಿರಿಯರಿಗೆ ಮೂಲ ಪಿಂಚಣಿ ಬಂತು. 2022ರ ವೇಳೆಗೆ ಹಿರಿಯರ ಆತ್ಮಹತ್ಯೆ ಲಕ್ಷಕ್ಕೆ 40ರ ಆಸುಪಾಸಿಗೆ ಇಳಿದಿತ್ತು. ಇಳಿಕೆಯ ಶ್ರೇಯವೆಲ್ಲ ಪಿಂಚಣಿಗೇ ಸಲ್ಲದು. ಆ ಮೊತ್ತವೂ ದೊಡ್ಡದಲ್ಲ. ಮಕ್ಕಳ ಆದಾಯದ ಷರತ್ತನ್ನು ಜೀವನಾಧಾರ ಭತ್ಯೆಯಿಂದ ಬಹುಮಟ್ಟಿಗೆ ತೆಗೆದುಹಾಕಿದ್ದು 2021ರ ಅಕ್ಟೋಬರ್‌ನಲ್ಲಿ. ಹಿರಿಯರಿಗೆ ಅತ್ಯಂತ ಅಗತ್ಯವಾದ ವೈದ್ಯಕೀಯ ನೆರವಿಗೆ ಮಾತ್ರ ಆಗಲೂ ಆ ಷರತ್ತನ್ನು ಪೂರ್ತಿ ಕೈಬಿಡಲಿಲ್ಲ.